ಹಾಯಿ ಕಯಾಕ್‌ಗೆ ಮನೆಯಲ್ಲೇ ಹೊರಪೀಠ: ಹಲಗೆ ಸರಿ, ಭಾರ ಎಲ್ಲಿಗೆ ಹೋಗುತ್ತದೆ?

ಟ್ಯಾಂಪಾ ತೆರೆ

ಎಲ್ಲರಿಗೂ ನಮಸ್ಕಾರ. ಊರು ಶಿವಮೊಗ್ಗ, ಇರುವುದು ಫ್ಲಾರಿಡಾದಲ್ಲಿ. ಯಾರೋ ಬಳಸಿ ಬಿಟ್ಟಿದ್ದ ಹೋಬಿ ಟ್ಯಾಂಡೆಮ್ ಐಲ್ಯಾಂಡ್ ಹಾಯಿ ಕಯಾಕ್ ಒಂದನ್ನು ಕೊಂಡಿದ್ದೇನೆ. ನೋಡದವರಿಗೆ ಹೇಳುವುದಾದರೆ, ಇದು 18.5 ಅಡಿ ಉದ್ದದ ಪ್ಲಾಸ್ಟಿಕ್ ದೋಣಿ. ಇಬ್ಬರು ಹಿಂದೆ ಮುಂದೆ ಕೂರಬಹುದು, ಕಾಲಿನಿಂದ ತುಳಿಯಲು ಪೆಡಲ್ ಇದೆ, 90 ಚದರ ಅಡಿಯ ಹಾಯಿ ಇದೆ. ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಅಡ್ಡತೋಳುಗಳು, ಅವುಗಳ ತುದಿಗೆ ತೆಳ್ಳನೆಯ ತೇಲುಗಳು. ತೋಳಿಗೆ ಅಕಾ, ತೇಲಿಗೆ ಅಮಾ ಎಂದು ಇಲ್ಲಿಯವರು ಕರೆಯುತ್ತಾರೆ. ಎಲ್ಲ ಹರಡಿದರೆ ಅಗಲ 10 ಅಡಿ.

ತೊಂದರೆ ಕೂರುವುದರಲ್ಲಿದೆ. ಒಳಗಿನ ಆಸನ ನೀರಿಗೆ ಬಹಳ ಹತ್ತಿರ. ಗಾಳಿ ಏರಿದಾಗ ಪ್ರತಿ ತೆರೆಯೂ ಮಡಿಲಿಗೇ ಬಂದು ಬೀಳುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ. ಗಾಳಿಮರೆಯ ಕಡೆಯ, ಅಂದರೆ ಗಾಳಿ ಬರುವ ಬದಿಗೆ ಎದುರು ಬದಿಯ, ತೇಲು ಪೂರ್ತಿ ಮುಳುಗಿ, ದೋಣಿ ಕುಂಟಿದಂತೆ ನಿಧಾನವಾಗುತ್ತದೆ. ಇದೇ ದೋಣಿ ಇಟ್ಟುಕೊಂಡಿರುವ ಕೆಲವರು ಎರಡು ಅಡ್ಡತೋಳುಗಳ ಮೇಲೆ ಹಲಗೆ ಹಾಸಿ, ದೋಣಿಯಿಂದ ಹೊರಗೆ, ನೀರಿನ ಮೇಲೆ ಕೂತು ಓಡಿಸುತ್ತಾರೆ. ಅದಕ್ಕೆ ಹಾಕಾ ಎಂದು ಹೆಸರು. ನಾನೂ ಒಂದು ಜೊತೆ ಮಾಡಬೇಕೆಂದಿದ್ದೇನೆ. ತೋಳುಗಳ ನಡುವಿನ ಅಂತರ 1.4 ಮೀಟರ್. 18 ಮಿ.ಮೀ. ಪ್ಲೈವುಡ್, 30 ಸೆಂ.ಮೀ. ಅಗಲ, ಎರಡೂ ತುದಿಗೆ, ಕೊಳವೆಯನ್ನು ಅಪ್ಪಿ ಹಿಡಿಯುವ ಯು ಆಕಾರದ ಬೋಲ್ಟ್ ಎರಡೆರಡು. ಇಷ್ಟು ಸಾಕೇ? ನನ್ನ ತೂಕ 75 ಕೆ.ಜಿ.

ಗಟ್ಟಿಗ

ಸಾಕು. ಆದರೆ ಆ ದೋಣಿಯಲ್ಲಿ ಅಡ್ಡತೋಳನ್ನು ಹಿಡಿದಿರುವ ಊರುಗೋಲಿನಲ್ಲಿ ಒಂದು ಪ್ಲಾಸ್ಟಿಕ್ ಪಿನ್ ಇರುತ್ತದೆ. ಮೊದಲು ಅದನ್ನು ಕಿತ್ತುಹಾಕಿ ಸ್ಟೇನ್‌ಲೆಸ್ ಬೋಲ್ಟ್ ಹಾಕಿ. 75 ಕೆ.ಜಿ. ಮನುಷ್ಯ ಹೊರಗೆ ಕೂರುವಾಗ ಪ್ಲಾಸ್ಟಿಕ್ ಪಿನ್ನನ್ನು ನಂಬುವುದು ಹುಚ್ಚುತನ.

ಪೀಣ್ಯ ವರ್ಕ್‌ಶಾಪ್

ಪಿನ್ ವಿಚಾರ ಆಮೇಲೆ. ಮೊದಲು ಹಲಗೆಯ ಲೆಕ್ಕ.

1.4 ಮೀಟರ್ ಅಂತರದ ನಡುವೆ 75 ಕೆ.ಜಿ. ಕೂತರೆ 18 ಮಿ.ಮೀ. ಪ್ಲೈವುಡ್ ಮುರಿಯುವುದಿಲ್ಲ, ಆದರೆ ಸುಮಾರು 4 ಸೆಂ.ಮೀ. ಬಾಗುತ್ತದೆ. ಅದು ಸುಮ್ಮನೆ ಕೂತಾಗ. ತೆರೆಯ ಮೇಲೆ ಕುಪ್ಪಳಿಸುವಾಗ ಅದರ ಎರಡರಷ್ಟು ಎಂದುಕೊಳ್ಳಿ. ಪ್ರತಿ ಸಲ ಬಾಗಿದಾಗಲೂ ತುದಿಗಳು ಬೋಲ್ಟನ್ನು ತಿರುಚುತ್ತವೆ, ತೂತು ಅಗಲವಾಗುತ್ತದೆ. ಹಲಗೆಯ ಅಡಿಗೆ 20 x 40 ಮಿ.ಮೀ. ಅಳತೆಯ ಎರಡು ಮರದ ಪಟ್ಟಿಗಳನ್ನು, 40ರ ಬದಿ ನಿಂತಿರುವಂತೆ, ಉದ್ದಕ್ಕೂ ಅಂಟಿಸಿ ಸ್ಕ್ರೂ ಹಾಕಿ. ಬಾಗು ಒಂದೂವರೆ ಸೆಂ.ಮೀ. ಒಳಗೆ ಬರುತ್ತದೆ. ದಪ್ಪ ಹಲಗೆ ಹಾಕುವುದಕ್ಕಿಂತ ಇದು ಹಗುರ. ಭಾರತದಲ್ಲಿ ಮಾಡುವವರು ಐಎಸ್ 710 ಗುರುತಿರುವ ಮರೈನ್ ಪ್ಲೈ ಕೇಳಿ. ಐಎಸ್ 303 ಸಾಮಾನ್ಯ ಬಳಕೆಯದ್ದು, ದೋಣಿಗೆ ಬೇಡ. ಎರಡರಲ್ಲಿ ಯಾವುದೇ ಇರಲಿ, ಕತ್ತರಿಸಿದ ಅಂಚುಗಳಿಗೆ ಮತ್ತು ತೂತುಗಳ ಒಳಗೆ ಎಪಾಕ್ಸಿ ಅಂಟು ಕುಡಿಸಬೇಕು. ನೀರು ಕುಡಿಯುವುದು ಮುಖದಿಂದಲ್ಲ, ಅಂಚಿನಿಂದ.

ಇನ್ನು ಅಡ್ಡತೋಳು. ಬಹಳ ಜನ ಎಡವುವುದು ಇಲ್ಲಿ. ದಡದಲ್ಲಿ ಕೂತು ನೋಡಿದಾಗ ತೋಳಿನ ಒಂದು ತುದಿ ದೋಣಿಯ ಮೇಲೆ, ಇನ್ನೊಂದು ತೇಲಿನ ಮೇಲೆ ಊರಿಕೊಂಡಿರುತ್ತದೆ. ಆಹಾ, ಗಟ್ಟಿಯಾಗಿದೆ ಅನಿಸುತ್ತದೆ. ಹಾಯಿ ತುಂಬಿ ದೋಣಿ ವಾಲಿದಾಗ ನೀವು ಕೂತಿರುವ ಗಾಳಿಯ ಕಡೆಯ ತೇಲು ನೀರಿನಿಂದ ಮೇಲೇಳುತ್ತದೆ. ಆಗ ಹೊರತುದಿಗೆ ಆಸರೆಯೇ ಇಲ್ಲ, ಮನೆಯ ಸಜ್ಜಾ ಗೋಡೆಯಿಂದ ಚಾಚಿಕೊಂಡಿರುವಂತೆ ಇಡೀ ಭಾರ ದೋಣಿಯ ಕಡೆಯ ಬೇರಿಗೆ ಬರುತ್ತದೆ. ಲೆಕ್ಕ ಹಾಕುವುದಾದರೆ ಆ ಸ್ಥಿತಿಗೇ ಹಾಕಬೇಕು.

ನಾನು 38 ಮಿ.ಮೀ. ಹೊರವ್ಯಾಸ, 3 ಮಿ.ಮೀ. ದಪ್ಪದ ಕೊಳವೆ ಎಂದು ಇಟ್ಟುಕೊಂಡು ನೋಡಿದೆ. ಬೇರಿನಿಂದ ಅರ್ಧ ಮೀಟರ್ ಹೊರಗೆ 75 ಕೆ.ಜಿ., ಎರಡು ತೋಳು ಸಮನಾಗಿ ಹಂಚಿಕೊಂಡರೆ ಒಂದೊಂದರಲ್ಲಿ ಸುಮಾರು 70 ಮೆಗಾಪ್ಯಾಸ್ಕಲ್ ಒತ್ತಡ. ಕುಪ್ಪಳಿಸಿದಾಗ ಎರಡರಷ್ಟು, 140. ಕಿಟಕಿ ಚೌಕಟ್ಟಿಗೆ ಬಳಸುವ 6063 ಜಾತಿಯ ಅಲ್ಯೂಮಿನಿಯಂ ಟಿ6 ಎಂಬ, ಕಾಯಿಸಿ ಗಟ್ಟಿ ಮಾಡಿದ ಹದದಲ್ಲಿದ್ದರೆ 200ರ ಆಸುಪಾಸಿನಲ್ಲಿ ಶಾಶ್ವತವಾಗಿ ಬಾಗತೊಡಗುತ್ತದೆ. ಹಾಗಾಗಿ ತಾಳುತ್ತದೆ, ಆದರೆ ಧಾರಾಳವಾಗಿ ಅಲ್ಲ. ಹೊರಗೆ ಹೊರಗೆ ಜರುಗಿ ಕೂತಷ್ಟೂ ಈ ಲೆಕ್ಕ ಕೆಡುತ್ತದೆ. ನಿಮ್ಮ ದೋಣಿಯ ಕೊಳವೆಯನ್ನು ಕ್ಯಾಲಿಪರ್ ಹಿಡಿದು ಅಳೆದು ಹೇಳಿ, ನಿಮ್ಮ ಅಳತೆಗೇ ಮಾಡಿಕೊಡುತ್ತೇನೆ.

ಎರಡು ಮಾತು ಕಟ್ಟುನಿಟ್ಟು. ತೋಳಿಗೆ ಏನನ್ನೂ ವೆಲ್ಡ್ ಮಾಡಿಸಬೇಡಿ, ಬಿಸಿ ತಾಗಿದ ಜಾಗದಲ್ಲಿ ಟಿ6 ಹದ ಹೋಗಿ ಬಲ ಅರ್ಧದಷ್ಟಕ್ಕೆ ಇಳಿಯುತ್ತದೆ. ತೋಳಿನ ನೆತ್ತಿಗೂ ಅಡಿಗೂ ತೂತು ಕೊರೆಯಬೇಡಿ. ಎಳೆತ, ಒತ್ತಡ ಎರಡೂ ಅತಿ ಹೆಚ್ಚಿರುವುದು ಅಲ್ಲಿ. ಕೊರೆಯಲೇಬೇಕೆಂದರೆ ಪಕ್ಕದ ನಡುಗೆರೆಯಲ್ಲಿ.

ಕೆಆರ್‌ಎಸ್ ಹಿನ್ನೀರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಆ ಪರದೇಶದ ದೋಣಿ ಕೊಳ್ಳುವ ಶಕ್ತಿ ನನಗಿಲ್ಲ. ಸಾಧಾರಣ ಪ್ಲಾಸ್ಟಿಕ್ ಕಯಾಕ್ ಇದೆ. ಟಾರ್ಪಾಲಿನ್ ಹಾಯಿ ಹೊಲಿದುಕೊಂಡಿದ್ದೇನೆ. ಪಕ್ಕಕ್ಕೆ 160 ಮಿ.ಮೀ. ಪಿವಿಸಿ ಪೈಪಿನ ತೇಲು ಕಟ್ಟಿ, ಅದರ ತೋಳಿನ ಮೇಲೆ ಕೂರಬಹುದೇ?

ಪೀಣ್ಯ ವರ್ಕ್‌ಶಾಪ್

2 ಮೀಟರ್ ಉದ್ದದ ತುಂಡು ತೆಗೆದುಕೊಂಡರೆ ಒಳ ಹೊರ ಸೇರಿ 40 ಲೀಟರ್ ನೀರು ಸರಿಸುತ್ತದೆ, ಅಂದರೆ 40 ಕೆ.ಜಿ. ಎತ್ತುತ್ತದೆ. ಪೈಪಿನದೇ ತೂಕ 5 ಕೆ.ಜಿ. ಕಳೆಯಿರಿ, 35 ಉಳಿಯಿತು. ನೀವು ತೋಳಿನ ನಡುವೆ ಕೂತರೆ ನಿಮ್ಮ ತೂಕದ ಅರ್ಧ ತೇಲಿನ ಮೇಲೆ ಬೀಳುತ್ತದೆ. 70 ಕೆ.ಜಿ. ಮನುಷ್ಯನಿಗೆ 35. ನಿಂತ ನೀರಿನಲ್ಲೇ ಪೈಪು ಪೂರ್ತಿ ಮುಳುಗಿ, ನೀವು ಒಂದು ಗೇಣು ಆಚೆ ಜರುಗಿದರೆ ಮಗುಚುತ್ತದೆ. ಎರಡು ಪೈಪು ಜೋಡಿಸಿ, ಇಲ್ಲವೇ 200 ಮಿ.ಮೀ. ಪೈಪಿಗೆ ಹೋಗಿ. ಒಳಗೆ ಫೋಮ್ ತುಂಡುಗಳನ್ನು ತುರುಕಿ, ಬಿರುಕು ಬಿಟ್ಟರೂ ತೇಲುತ್ತದೆ. ತುದಿಯ ಮುಚ್ಚಳದಲ್ಲಿ ಒಂದು ಚಿಕ್ಕ ಸ್ಕ್ರೂ ಇಟ್ಟು ದಡದಲ್ಲಿ ಸಡಿಲಿಸಿ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಅಂಟು ಬಿಡಿಸುತ್ತದೆ. ಬಿಳಿ ಬಣ್ಣ ಬಳಿಯದೆ ಬಿಸಿಲಿನಲ್ಲಿ ಬಿಟ್ಟರೆ ಪಿವಿಸಿ ಗಡುಸಾಗಿ ಒಂದು ಏಟಿಗೆ ಸೀಳುತ್ತದೆ.

ಗಂಗೊಳ್ಳಿ ಅಳಿವೆ

ಪೈಪು ಯಾಕೆ ಮಾರಾಯರೇ, ಹಾಲುವಾಣದ ಮರ ಸಿಗುವುದಿಲ್ಲವೇ? ಹಗುರವಾದ ಮರ, ಬಲಿತ ಕೊಂಬೆ ಕಡಿದು ಚೆನ್ನಾಗಿ ಒಣಗಿಸಿ ಎಣ್ಣೆ ಹಚ್ಚಿದರೆ ಒಳ್ಳೆಯ ತೇಲು. ಕಾರವಾರದಿಂದ ಗೋವಾ, ಮಾಲವಣದ ತನಕ ಒಂದೇ ಪಕ್ಕಕ್ಕೆ ತೇಲು ಕಟ್ಟಿದ ಹೋಡಿಗಳು ಇವತ್ತಿಗೂ ಇವೆ. ಆ ತೇಲಿಗೆ ಆ ಕಡೆಯವರು ಉಲಾಂಡಿ ಎನ್ನುತ್ತಾರೆ. ಎರಡು ಬಾಗಿದ ಕೊಂಬೆ, ಒಂದು ದಿಮ್ಮಿ, ಹಗ್ಗ. ಮೊಳೆ ಇಲ್ಲ, ಬೋಲ್ಟು ಇಲ್ಲ.

ಶಿವಮೊಗ್ಗದವರಿಗೆ ನನ್ನ ಪ್ರಶ್ನೆ: ಯು ಬೋಲ್ಟು ಯಾಕೆ? ಹಗ್ಗದಲ್ಲಿ ಕಟ್ಟಿ. ಬೋಲ್ಟು ಒಂದು ಬಿಂದುವಿನಲ್ಲಿ ಕಚ್ಚುತ್ತದೆ, ಹಗ್ಗದ ಕಟ್ಟು ಅಗಲಕ್ಕೆ ಹಿಡಿಯುತ್ತದೆ, ತೆರೆ ಬಂದಾಗ ತುಸು ಕೊಡುತ್ತದೆ, ಮತ್ತೆ ಹಿಡಿಯುತ್ತದೆ. ನೌಕಾಪಡೆ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ಸೇರಿಸಿಕೊಂಡ ಕೌಂಡಿನ್ಯ ಎಂಬ ಹಡಗಿನ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿದ್ದಾರೆ. ನೀವು ಒಂದು ಬೆಂಚಿಗೆ ಹೆದರುತ್ತೀರಿ.

ಗಟ್ಟಿಗ

ಹಗ್ಗವಂತೆ. ನಾನು ಇರುವ ಕಾಲ 2026, ನಿಮ್ಮದು ಯಾವುದೋ. ಪಿನ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಪೋರ್ಟ್ ಫಿಲಿಪ್ ಸುಮತಿ

ನಾನು ಕೊಡುತ್ತೇನೆ. ಮೆಲ್ಬರ್ನ್‌ನಲ್ಲಿದ್ದೇನೆ, ಇದೇ ಟ್ಯಾಂಡೆಮ್ ಐಲ್ಯಾಂಡ್ ಇದೆ, ಎರಡೂ ಬದಿಗೆ ನಾವೇ ಮಾಡಿದ ಹಾಕಾ ಇದೆ. ನಮ್ಮ ಕೊಲ್ಲಿ ನೋಡಲು ದೊಡ್ಡ ಕೆರೆಯಂತಿದ್ದರೂ ದಕ್ಷಿಣದಿಂದ ಗಾಳಿ ತಿರುಗಿದರೆ ಗಿಡ್ಡನೆಯ ಕಡಿದಾದ ತೆರೆ ಎಬ್ಬಿಸುತ್ತದೆ. ಬೆಂಚುಗಳು ಅದನ್ನು ಬೇಕಾದಷ್ಟು ಕಂಡಿವೆ.

ಆ ಪ್ಲಾಸ್ಟಿಕ್ ಪಿನ್ ಮುರಿಯಲೆಂದೇ ಇದೆ. ಅಡ್ಡತೋಳುಗಳು ಹಿಂದಕ್ಕೆ ಮಡಚಿಕೊಳ್ಳುವಂತೆ ಮಾಡಿರುವ ದೋಣಿ ಇದು. ತೇಲು ಕಲ್ಲಿಗೋ ಕಟ್ಟೆಗೋ ಬಡಿದರೆ ಅಥವಾ ತೆರೆಯೊಳಗೆ ಮೂಗು ತೂರಿಸಿ ಸಿಕ್ಕಿಕೊಂಡರೆ ಪಿನ್ ತುಂಡಾಗಿ ತೋಳು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಅಷ್ಟೇ. ಕೆಲವು ರೂಪಾಯಿಯ ಪಿನ್ ಹೋಯಿತು, ಜೇಬಿನಲ್ಲಿರುವ ಇನ್ನೊಂದನ್ನು ಹಾಕಿ ಮನೆಗೆ ಬರುತ್ತೀರಿ. ಉಕ್ಕಿನ ಬೋಲ್ಟ್ ಹಾಕಿದರೆ ಆ ಏಟು ಮುಂದಕ್ಕೆ ಸಾಗುತ್ತದೆ. ಒಂದೋ ಅಡ್ಡತೋಳು ಬಾಗುತ್ತದೆ, ಇಲ್ಲವೇ ದೋಣಿಯ ಮೈಯಲ್ಲಿ ತೋಳು ಕೂರುವ ಗೂಡು ಹರಿಯುತ್ತದೆ. ಅದು ಪಾಲಿಎಥಿಲೀನ್. ಎಪಾಕ್ಸಿ ಅದಕ್ಕೆ ಹಿಡಿಯುವುದೇ ಇಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಬಲ್ಲವರನ್ನು ಹುಡುಕಿಕೊಂಡು ಹೋಗಬೇಕು. ಮನೆಯ ಫ್ಯೂಸ್ ಪದೇ ಪದೇ ಹೋಗುತ್ತದೆ ಎಂದು ದಪ್ಪ ತಂತಿ ಸುತ್ತುವವರನ್ನು ನಾವೆಲ್ಲ ನೋಡಿದ್ದೇವೆ, ಗಟ್ಟಿಗ ಅವರೇ.

ಇನ್ನೊಂದು ಗಮನಿಸಿ: ಬೆಂಚಿನ ಮೇಲೆ ಕೂತ ಮನುಷ್ಯನ ಭಾರ ನೇರ ಕೆಳಕ್ಕೆ ಬರುತ್ತದೆ. ಪಿನ್ ತಡೆಯುವುದು ಹಿಂದು ಮುಂದಿನ ಎಳೆತವನ್ನು. ನಿಮ್ಮ 75 ಕೆ.ಜಿ. ಆ ಪಿನ್ನಿನ ಮೇಲೆ ಹೆಚ್ಚು ಬರುವುದೇ ಇಲ್ಲ.

ಪಿನ್ನಿಗಿಂತ ನನಗೆ ಭಯವಾಗಿದ್ದು ಟ್ಯಾಂಪಾದವರ ಎರಡೆರಡು ಯು ಬೋಲ್ಟ್ ಓದಿ. ಒಂದು ಹಾಳೆಯಲ್ಲಿ ಬರೆದು ನೋಡಿ. ದೋಣಿ, ಮುಂದಿನ ತೋಳು, ತೇಲು, ಹಿಂದಿನ ತೋಳು ಸೇರಿ ಒಂದು ಸಮಾನಾಂತರ ಚತುರ್ಭುಜ. ಮಡಚುವಾಗ ಅದು ಓರೆಯಾಗುತ್ತದೆ. ಹಲಗೆಯನ್ನು ಒಂದೊಂದು ತೋಳಿಗೆ ಒಂದೊಂದೇ ಕಡೆ ಕಟ್ಟಿದರೆ ಹಲಗೆಯೂ ಅದರೊಡನೆ ಓರೆಯಾಗಿ ಜರುಗುತ್ತದೆ, ತೊಂದರೆ ಇಲ್ಲ. ಒಂದೊಂದು ತೋಳಿಗೆ 30 ಸೆಂ.ಮೀ. ಅಂತರದಲ್ಲಿ ಎರಡೆರಡು ಬೋಲ್ಟ್ ಬಿಗಿದರೆ ಚೌಕ ಬಿಗಿದುಕೊಂಡಿತು. ಪಿನ್ ಇದ್ದರೂ ಇಲ್ಲದಂತೆಯೇ. ಏಟು ಬಿದ್ದಾಗ ತೋಳು ಮಡಚಲಾರದು, ಹಲಗೆಯೇ ಆ ಭಾರವನ್ನು ಹೊತ್ತು ಯಾವುದನ್ನಾದರೂ ಮುರಿಯುತ್ತದೆ. ನಮ್ಮದರಲ್ಲಿ ಹಲಗೆಯ ಅಡಿಯಲ್ಲಿ ತೋಳಿನ ಮೇಲೆ ಕೂರುವ ಅರ್ಧಚಂದ್ರದ ಕಚ್ಚು ಕೆತ್ತಿದ ಮರದ ತುಂಡಿದೆ, ಒಳಬದಿಯಲ್ಲಿ ಒಂದೇ ಹಗ್ಗದ ಕಟ್ಟು. ಹೊರಬದಿಯನ್ನು ಸ್ಥಿತಿಸ್ಥಾಪಕ ಹಗ್ಗದಿಂದ ಹಾರದಂತೆ ಮಾತ್ರ ಹಿಡಿದಿದ್ದೇವೆ. ಗಂಗೊಳ್ಳಿಯವರು ಹೇಳಿದ್ದು ಸರಿ.

ಗಂಗೊಳ್ಳಿ ಅಳಿವೆ

ಅಕ್ಕ ಹೇಳಿದ ಮೇಲೆ ಮುಗಿಯಿತು. ನಾನು ಹೇಳಿದರೆ ಯಾವುದೋ ಕಾಲ.

ಪೀಣ್ಯ ವರ್ಕ್‌ಶಾಪ್

ಸುಮತಿ ಅವರ ಚತುರ್ಭುಜದ ಮಾತು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು. ಒಪ್ಪಿದೆ. ಯು ಬೋಲ್ಟಿಗೆ ಇನ್ನೊಂದು ದೋಷವಿದೆ: ಸ್ಟೇನ್‌ಲೆಸ್ ಮತ್ತು ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಮೈಗೆ ಮೈ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಿಳಿ ಪುಡಿ ಕಾಣಿಸಿದರೆ ಅದೇ. ಎಲ್ಲಿ ಲೋಹಕ್ಕೆ ಲೋಹ ತಾಗುತ್ತದೋ ಅಲ್ಲಿ ನೈಲಾನ್ ವಾಷರ್, ಗ್ರೀಸ್. ಪ್ರತಿ ಸಲ ಬಂದ ಮೇಲೆ ಸಿಹಿನೀರಿನ ಸ್ನಾನ.

ಟ್ಯಾಂಪಾ ತೆರೆ

ಬೋಲ್ಟು ಕೈಬಿಟ್ಟೆ. ಆದರೆ ಈ ಬೆಂಚಿನಿಂದ ನಿಜವಾಗಿ ಎಷ್ಟು ಲಾಭ? ಇಲ್ಲಿ ಮಾರ್ಚ್ ತಿಂಗಳಲ್ಲಿ ಎವರ್‌ಗ್ಲೇಡ್ಸ್ ಚಾಲೆಂಜ್ ಎಂದು ನಡೆಯುತ್ತದೆ, ನಮ್ಮ ಕೊಲ್ಲಿಯ ಬಾಯಿಯಲ್ಲಿರುವ ಫೋರ್ಟ್ ಡಿ ಸೋಟೊದಿಂದ ಕೀ ಲಾರ್ಗೊ ತನಕ ಸುಮಾರು 300 ಮೈಲಿ. ಸಣ್ಣ ದೋಣಿಗಳದ್ದೇ ಓಟ. ಯಾವತ್ತಾದರೂ ಒಂದು ದಿನ ಎಂಬ ಆಸೆ ಇದೆ. ಅಷ್ಟು ದೂರ ಒಳಗಿನ ಆಸನದಲ್ಲಿ ಕೂರುವುದು ನನ್ನಿಂದಾಗದು.

ಪೀಣ್ಯ ವರ್ಕ್‌ಶಾಪ್

ಒರಟು ಲೆಕ್ಕ. 90 ಚದರ ಅಡಿ ಅಂದರೆ 8.4 ಚದರ ಮೀಟರ್. 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ವೇಗದ ಗಾಳಿ ಅಂಥ ಹಾಯಿಯನ್ನು ಪಕ್ಕಕ್ಕೆ ಸುಮಾರು 36 ಕೆ.ಜಿ. ಬಲದಿಂದ ತಳ್ಳುತ್ತದೆ. ಆ ತಳ್ಳುವಿಕೆ ನೀರಿನಿಂದ 2 ಮೀಟರ್ ಎತ್ತರದಲ್ಲಿ ಎಂದಿಟ್ಟುಕೊಳ್ಳಿ: 72 ಕೆ.ಜಿ. ಮೀಟರ್ ವಾಲಿಸುವ ಬಲ. ನೀವು 75 ಕೆ.ಜಿ., ನಡುಗೆರೆಯಿಂದ 75 ಸೆಂ.ಮೀ. ಹೊರಗೆ ಕೂತರೆ 56 ಕೆ.ಜಿ. ಮೀಟರ್ ಮರಳಿ ಎಳೆಯುತ್ತೀರಿ. ಮುಕ್ಕಾಲು ಪಾಲು ನೀವೇ ಹೊತ್ತಿರಿ, ಗಾಳಿಮರೆಯ ತೇಲಿಗೆ ಉಳಿದದ್ದು ಕಾಲು ಪಾಲು. ಅದು ಮುಳುಗುವುದಿಲ್ಲ, ದೋಣಿ ಓಡುತ್ತದೆ.

ಈಗ 20 ನಾಟ್. ಗಾಳಿಯ ಬಲ ವೇಗದ ವರ್ಗಕ್ಕೆ ಏರುವುದರಿಂದ 72 ಇದ್ದದ್ದು 128 ಆಯಿತು. ನಿಮ್ಮ 56 ಅಷ್ಟೇ ಇದೆ. ಬೆಂಚು ನಿಮ್ಮನ್ನು ಕಾಯುವುದು ಒಂದು ಮಿತಿಯ ತನಕ, ಆಮೇಲೆ ಹಾಯಿ ಕಿರಿದು ಮಾಡಲೇಬೇಕು.

ಗಂಗೊಳ್ಳಿ ಅಳಿವೆ

ಈ ಲೆಕ್ಕವನ್ನು ಸಿಂಹಳದ ಮೀನುಗಾರರು ಕ್ಯಾಲ್ಕುಲೇಟರ್ ಇಲ್ಲದೆ ಮಾಡುತ್ತಿದ್ದರು. ಅವರ ಒರುವ ದೋಣಿಗೂ ಒಂದೇ ಪಕ್ಕಕ್ಕೆ ತೇಲು. ಗಾಳಿ ಏರಿದಂತೆ ಒಬ್ಬೊಬ್ಬರೇ ಆಳು ತೋಳಿನ ಮೇಲೆ ಹೊರಗೆ ಹೋಗಿ ಕೂರುತ್ತಿದ್ದರು. ಒಬ್ಬಾಳಿನ ಗಾಳಿ, ಇಬ್ಬರಾಳಿನ ಗಾಳಿ, ಮೂವರಾಳಿನ ಗಾಳಿ ಎಂದು ಗಾಳಿಗೇ ಅಳತೆ ಇತ್ತು. ತೇಲು ಯಾವಾಗಲೂ ಗಾಳಿಯ ಕಡೆಗೇ ಇರಬೇಕು, ಆದ್ದರಿಂದ ದಿಕ್ಕು ಬದಲಿಸುವಾಗ ದೋಣಿ ತಿರುಗಿಸುವುದಿಲ್ಲ, ಹಾಯಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಒಯ್ದು ಹಿಂದನ್ನು ಮುಂದು ಮಾಡುತ್ತಾರೆ. ಟ್ಯಾಂಪಾದವರ ದೋಣಿಗೆ ಎರಡು ಕಡೆಗೂ ತೇಲಿದೆ, ಹಾಗಾಗಿ ದೋಣಿಯ ಬದಲು ಮನುಷ್ಯ ಬದಲಾಗಬೇಕು. ಅಪಾಯ ಇರುವುದು ಆ ಬದಲಾವಣೆಯ ಹೊತ್ತಿನಲ್ಲೇ.

ಪೋರ್ಟ್ ಫಿಲಿಪ್ ಸುಮತಿ

ಅಣ್ಣ ಹೇಳಿದ್ದನ್ನೇ ಮುಂದುವರಿಸುತ್ತೇನೆ. ಬಳಸುವಾಗಿನ ಮಾತು ಇದು, ಮಾಡುವಾಗಿನದ್ದಲ್ಲ.

ದಿಕ್ಕು ಬದಲಿಸುವ ಮುಂಚೆ ಒಳಗೆ ಬನ್ನಿ, ದೋಣಿ ತಿರುಗಿದ ಮೇಲೆ ಆ ಕಡೆಗೆ ಹೋಗಿ. ಗಾಳಿಮರೆಯ ಬೆಂಚಿನ ಮೇಲೆ ಕೂತು ಹಾಯಿ ತುಂಬಿಕೊಂಡರೆ ಹಾಯಿಯ ಭಾರವೂ ನಿಮ್ಮ ಭಾರವೂ ಒಂದೇ ತೇಲಿನ ಮೇಲೆ ಬೀಳುತ್ತದೆ. ಅದರ ಮೂಗು ತೆರೆಯೊಳಗೆ ಇಳಿದರೆ ದೋಣಿ ಓರೆಯಾಗಿ ಮುಂದಕ್ಕೆ ಮುಗ್ಗರಿಸುತ್ತದೆ. ಅದಕ್ಕೇ ಬೆಂಚಿನ ಮೇಲೆ ಕೂರುವಾಗ ಹಿಂದಿನ ತೋಳಿನ ಹತ್ತಿರ ಕೂರಬೇಕು, ನಡುವೆ ಅಲ್ಲ. ಪೀಣ್ಯದ ಅಣ್ಣನ ಬಾಗುವ ಲೆಕ್ಕವೂ ಆಗ ಇಳಿಯುತ್ತದೆ. ಆದರೆ ಹಿಂದಿನ ತೋಳಿಗೆ ಅರ್ಧಕ್ಕಿಂತ ಹೆಚ್ಚು ಭಾರ ಬೀಳುತ್ತದೆ, ಅದನ್ನು ಅವರು ಮತ್ತೆ ನೋಡಲಿ.

ಬೆಂಚಿಗೆ ಹೋದರೆ ಪೆಡಲು ಕಾಲಿಗೆ ಸಿಗುವುದಿಲ್ಲ, ಚುಕ್ಕಾಣಿಯ ಹಿಡಿಯೂ ದೂರ. ಹಿಡಿಗೆ ಒಂದು ಕೋಲು ಜೋಡಿಸಿ, ಎಲ್ಲ ದಿಕ್ಕಿಗೂ ತಿರುಗುವ ಕೀಲು ಇರಲಿ. ಹಾಯಿ ಹಗ್ಗ ಯಾವಾಗಲೂ ಕೈಯಲ್ಲಿ, ಎಲ್ಲಿಗೂ ಗಂಟು ಹಾಕಬೇಡಿ. ಗಾಳಿ ಇದ್ದಕ್ಕಿದ್ದಂತೆ ನಿಂತರೆ ನಿಮ್ಮ ಕಡೆಯ ತೇಲು ದಬ್ಬೆಂದು ನೀರಿಗೆ ಬೀಳುತ್ತದೆ. ಕಾಲು ಸಿಕ್ಕಿಸಲು ದೋಣಿಯ ಒಳಅಂಚಿಗೆ ಒಂದು ಪಟ್ಟಿ ಬೇಕು, ಆದರೆ ಬೂಟು ಸುಲಭವಾಗಿ ಜಾರಿ ಹೊರಬರುವಷ್ಟು ಸಡಿಲ.

ಹಲಗೆ ಘನವಾಗಿರಬಾರದು. ದೋಣಿಗೂ ತೇಲಿಗೂ ನಡುವೆ ತೆರೆ ಎದ್ದು ಅಡಿಯಿಂದ ಗುದ್ದುತ್ತದೆ. ಇಡೀ ಹಲಗೆಯಾದರೆ ಅದು ಒಂದು ಚಪ್ಪಡಿಗೆ ಬಿದ್ದ ಗುದ್ದು. ಮೂರು ನಾಲ್ಕು ಕಿರುಪಟ್ಟಿಗಳನ್ನು ಬೆರಳಿನಷ್ಟು ಸಂದು ಬಿಟ್ಟು ಜೋಡಿಸಿ, ನೀರು ಚಿಮ್ಮಿ ಹೋಗುತ್ತದೆ. ಸಂದು ಬೆರಳಿಗಿಂತ ಅಗಲ ಬೇಡ, ಕಾಲ್ಬೆರಳು ಸಿಕ್ಕಿಕೊಳ್ಳುತ್ತದೆ.

ಲೈಫ್ ಜಾಕೆಟ್ ಹೇಳಬೇಕಾಗಿಲ್ಲ. ಹೇಳಬೇಕಾದದ್ದು ಇದು: ಒಬ್ಬರೇ ಹೋಗುವಾಗ ನಿಮ್ಮನ್ನು ದೋಣಿಗೆ ಒಂದು ಹಗ್ಗದಿಂದ ಕಟ್ಟಿಕೊಳ್ಳಿ, ಎಳೆದರೆ ಬಿಡಿಸಿಕೊಳ್ಳುವ ಕೊಂಡಿಯೊಡನೆ. ಒಳಗಿನ ಆಸನದಿಂದ ಯಾರೂ ಬೀಳುವುದಿಲ್ಲ, ಬೆಂಚಿನಿಂದ ಬೀಳುತ್ತಾರೆ. ಮೂರು ಕಾಲಿನ ದೋಣಿ ಮಗುಚದೆ, ಹಾಯಿ ತುಂಬಿಕೊಂಡು, ನಿಮ್ಮನ್ನು ಬಿಟ್ಟು ಹೋಗಿಬಿಡುತ್ತದೆ. ಈಜಿ ಹಿಡಿಯಲು ಯಾರಿಂದಲೂ ಆಗದು.

ಕೆಆರ್‌ಎಸ್ ಹಿನ್ನೀರು

ಇಷ್ಟೆಲ್ಲ ಓದಿದ ಮೇಲೆ ನಾನು ಒಳಗೇ ಕೂರುತ್ತೇನೆ. ತೇಲು ಮಾತ್ರ ಕಟ್ಟುತ್ತೇನೆ, 200ರ ಪೈಪು.

ಗಂಗೊಳ್ಳಿ ಅಳಿವೆ

ಒಳ್ಳೆಯ ಬುದ್ಧಿ. ಕಡಲಿಗೆ ತರುವ ಯೋಚನೆ ಬಂದರೆ ಡಿಸೆಂಬರ್‌ನಿಂದ ಮಾರ್ಚ್ ತನಕ ಬನ್ನಿ. ಬೆಳಿಗ್ಗೆ ನೆಲದಿಂದ ಮೂಡುಗಾಳಿ, ಮಧ್ಯಾಹ್ನದ ಮೇಲೆ ಕಡಲಿಂದ ವಾಯವ್ಯದ ಗಾಳಿ. ಹೊಳೆಯ ಒಳಗೇ ಬೇಕಾದಷ್ಟು ಜಾಗವಿದೆ. ಇಳಿತದ ನೀರು ಅಳಿವೆಯಲ್ಲಿ ಹೊರಕ್ಕೆ ಓಡುವಾಗ ಎದುರಿನಿಂದ ಕಡಲಗಾಳಿ ಬಂದರೆ ಮರಳ ದಿಣ್ಣೆಯ ಮೇಲೆ ತೆರೆ ಕಡಿದಾಗಿ ಎದ್ದು ನಿಲ್ಲುತ್ತದೆ, ಆ ಹೊತ್ತಿನಲ್ಲಿ ಅಳಿವೆ ದಾಟಬೇಡಿ. ಜೂನ್, ಜುಲೈ ತಿಂಗಳಲ್ಲಿ ನಮ್ಮ ಯಾಂತ್ರಿಕ ದೋಣಿಗಳೇ ದಡದಲ್ಲಿರುತ್ತವೆ.

ಗಟ್ಟಿಗ

ಸರಿ, ಪಿನ್ ಇರಲಿ. ಆದರೆ ನಾಲ್ಕು ಹೆಚ್ಚುವರಿ ಪಿನ್ ಇಟ್ಟುಕೊಳ್ಳಿ ಎಂದು ನನ್ನ ಹೆಸರಿನಲ್ಲಿ ಬರೆದುಕೊಳ್ಳಿ.

ಟ್ಯಾಂಪಾ ತೆರೆ

ಬರೆದುಕೊಂಡೆ. ಕೊಳವೆ ಅಳೆದೆ: ಹೊರಗೆ 41 ಮಿ.ಮೀ. ಬಂತು, ದಪ್ಪ ಅಳೆಯಲು ತುದಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಬೇಕು, ನಾಳೆ ಹಾಕುತ್ತೇನೆ. ಪಟ್ಟಿಗಳಿಗೆ ಸೀಡರ್ ಮರ ಸಿಕ್ಕಿದೆ. ಕಟ್ಟಲು ಯಾವ ಹಗ್ಗ? ಮನೆಯಲ್ಲಿ ನೈಲಾನ್ ಇದೆ.

ಗಂಗೊಳ್ಳಿ ಅಳಿವೆ

ನೈಲಾನ್ ಬೇಡ. ಒದ್ದೆಯಾದರೆ ಹಿಗ್ಗುತ್ತದೆ, ದಡದಲ್ಲಿ ಬಿಗಿಯಾಗಿದ್ದ ಕಟ್ಟು ನೀರಿನಲ್ಲಿ ಕುಣಿಯುತ್ತದೆ. 6 ಮಿ.ಮೀ. ಪಾಲಿಯೆಸ್ಟರ್ ಹೆಣೆದ ಹಗ್ಗ ತನ್ನಿ. ತೋಳಿಗೂ ಮರಕ್ಕೂ ಆರೇಳು ಸುತ್ತು, ಆಮೇಲೆ ಆ ಸುತ್ತುಗಳ ನಡುವೆ ಅಡ್ಡಲಾಗಿ ಮೂರು ಸುತ್ತು ಎಳೆದು ಬಿಗಿಯಿರಿ. ಅಡ್ಡ ಸುತ್ತು ಹಾಕದಿದ್ದರೆ ಕಟ್ಟಲೇ ಇಲ್ಲ ಎಂದುಕೊಳ್ಳಿ. ಮೊದಲ ಸಲ ನೀರಿಗೆ ಇಳಿಸಿ ಅರ್ಧ ಗಂಟೆ ದಡದ ಹತ್ತಿರವೇ ಸುತ್ತಾಡಿ, ಬಂದು ಮತ್ತೊಮ್ಮೆ ಬಿಗಿಯಿರಿ.